ಗೇಟವ್ವನ ಬಾಗಿಲು

ಮಳವಳ್ಳಿಯಲ್ಲಿ ನನ್ನ ಓರಗಿತ್ತಿ ಹೊಸ ಮನೆ ಕಟ್ಟಿಸಿದ್ದಾಳೆ. ಮನೆ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಮೇಲೆ ಎರಡು ರೂಮು, ಮುಂದೆ ದಾಸವಾಳದ ಗಿಡ, ಅಡುಗೆಮನೆಯಲ್ಲಿ ಹೊಗೆ ಎಳೆಯುವ ಮಿಷನ್ನು. ಅದ್ಯಾವುದರ ಮೇಲೂ ನನಗೆ ಹೊಟ್ಟೆಕಿಚ್ಚಿಲ್ಲ. ಮೈದುನ ದುಡಿದ, ಕಟ್ಟಿಸಿದ, ಅನುಭವಿಸಲಿ. ನನ್ನ ಹೊಟ್ಟೆ ಉರಿಯುವುದು ಅವಳ ದೇವರಕೋಣೆಯ ಬಾಗಿಲನ್ನು ಕಂಡಾಗ. ಅದು ಮದ್ದೂರಿನ ಹಳೇ ಟಾಕೀಸಿನ ಹೆಂಗಸರ ಗೇಟಿನ ಬಾಗಿಲು. ಆ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದವಳು ನನ್ನ ಅವ್ವ. ಅದು ನನ್ನ ಮನೆಗೆ ಬರಬೇಕಾಗಿತ್ತು.

ಟಾಕೀಸು ಈಗಿಲ್ಲ. ರಾಜರ ಕಾಲದಲ್ಲಿ ನಾಟಕದ ಕಂಪನಿಗಳಿಗೆಂದು ಕಟ್ಟಿದ್ದ ಕಟ್ಟಡ ಅದು, ಪರದೆ ಬಂದದ್ದು ಆಮೇಲೆ. ಪರದೆಯ ಮುಂದೆ ನಾಟಕದ ಅಟ್ಟ ಹಾಗೇ ಉಳಿದಿತ್ತು. ಕರೆಂಟು ಹೋದಾಗ ಹುಡುಗರು ಅದರ ಮೇಲೆ ಹತ್ತಿ ಕುಣಿಯುತ್ತಿದ್ದರು. ಗಾರೆಯ ದಪ್ಪ ಗೋಡೆ, ಮೇಲೆ ಮಂಗಳೂರು ಹೆಂಚು. ಎಲ್ಲರಿಗಿಂತ ಮುಂದೆ, ನೆಲದ ಮೇಲೆ ಕೂತು ಕತ್ತೆತ್ತಿ ನೋಡುವ ಜಾಗಕ್ಕೆ ಗಾಂಧಿ ಕ್ಲಾಸು ಅಂತ ಹೆಸರು. ಗಾಂಧಿ ಕ್ಲಾಸಿನ ನಡುವೆ ಎದೆಮಟ್ಟದ ಒಂದು ಗೋಡೆ. ಆ ಕಡೆ ಗಂಡಸರು, ಈ ಕಡೆ ಹೆಂಗಸರು. ಹೆಂಗಸರಿಗೆ ಪಕ್ಕದ ಓಣಿಯಿಂದ ಬೇರೆಯೇ ಬಾಗಿಲು. ತೇಗದ ಎರಡು ಕದ. ಒಂದು ಯಾವಾಗಲೂ ಮುಚ್ಚಿರುತ್ತಿತ್ತು, ಇನ್ನೊಂದರಲ್ಲಿ ಒಬ್ಬೊಬ್ಬರೇ ನುಸುಳಿ ಹೋಗಬೇಕಿತ್ತು.

ಅಪ್ಪ ತೀರಿಕೊಂಡಾಗ ನಾನಿನ್ನೂ ಸ್ಕೂಲಿಗೆ ಸೇರಿರಲಿಲ್ಲ. ಟಾಕೀಸಿನ ಯಜಮಾನರು ಕರುಣೆಯಿಂದಲೋ, ಹೆಂಗಸರ ಗೇಟಿಗೆ ಹೆಂಗಸೇ ಬೇಕು ಅಂತಲೋ, ಅವ್ವನನ್ನು ಆ ಬಾಗಿಲಿಗೆ ನಿಲ್ಲಿಸಿದರು. ಸಿನಿಮಾಕ್ಕೆ ಬರುತ್ತಿದ್ದ ಹಳ್ಳಿಯ ಹೆಂಗಸರು ಅವಳಿಗೆ ಗೇಟವ್ವ ಅಂತ ಹೆಸರಿಟ್ಟರು. "ಗೇಟವ್ವ, ಸುರುವಾಗೋಯ್ತಾ?" "ಗೇಟವ್ವ, ನಮ್ಮತ್ತೆ ಒಳುಗವ್ಳಾ, ಒಸಿ ನೋಡಿ ಏಳವ್ವ." "ಗೇಟವ್ವ, ನಾನ್ ಬಂದಿದ್ದೆ ಅಂತ ನಮ್ಮನೆಯೋರ್ಗೆ ಏಳ್ಬುಟ್ಟೀಯೆ!" ಇಡೀ ತಾಲ್ಲೂಕಿಗೆ ಅವಳು ಅವ್ವ.

ನನಗೆ ಮಾತ್ರ ಅಲ್ಲಿ ಅವಳು ಅವ್ವ ಅಲ್ಲ. ಕೆಲಸಕ್ಕೆ ಸೇರಿದ ವಾರದಲ್ಲೇ ಹೇಳಿದ್ದಳು: "ಗೇಟಲ್ ನಿಂತಿದ್ದಾಗ ನನ್ನ ಅವ್ವ ಅನ್ಬೇಡ. ಗೇಟವ್ಳು ತನ್ ಮಗಳ ಪುಕ್ಸಟ್ಟೆ ಬುಟ್ಲು ಅಂತ ಮಾತ್ ಬತ್ತದೆ. ಅನ್ನ ಓಯ್ತದೆ." ಹಾಗಾದರೆ ಏನನ್ನಲಿ ಅಂತ ಕೇಳಿದೆ. "ಏನೂ ಅನ್ಬೇಡ, ಮನೇಲಿರು" ಅಂದಳು. ನಾನು ಮನೆಯಲ್ಲಿ ಇರುತ್ತಿರಲಿಲ್ಲ. ಓಣಿಯ ಎದುರು ಕಡಲೇಕಾಯಿ ಮಾರುತ್ತಿದ್ದ ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಊರವರೆಲ್ಲ ನನ್ನ ಅವ್ವನನ್ನು ಅವ್ವ ಅನ್ನುವುದನ್ನು ನೋಡುತ್ತಿದ್ದೆ. ಆಟ ಶುರುವಾದ ಮೇಲೆ ಗೋಡೆಯಾಚೆಯಿಂದ ಹಾಡು ಕೇಳಿಸುತ್ತಿತ್ತು. ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನುವ ಗಾದೆ ಸ್ಕೂಲಿನಲ್ಲಿ ಕಲಿಸಿದಾಗ ನನಗೆ ಅರ್ಥ ಹೇಳಿಕೊಡಬೇಕಾಗಿರಲಿಲ್ಲ.

ಆ ಬಾಗಿಲಿಗೆ ಒಂದು ಕಾನೂನಿತ್ತು. ಕಂಕುಳಲ್ಲಿ ಎತ್ತಿಕೊಂಡ ಕೂಸಿಗೆ ಟಿಕೆಟ್ ಇಲ್ಲ, ನಡೆದುಕೊಂಡು ಬರುವ ಮಗುವಿಗೆ ಅರ್ಧ ಟಿಕೆಟ್. ಎಲ್ಲೂ ಬರೆದು ಹಾಕಿರಲಿಲ್ಲ. ಅವ್ವ ಬಾಯಲ್ಲೇ ಹೇಳುತ್ತಿದ್ದಳು: "ಕಂಕುಳಲ್ಲಿದ್ರೆ ಕೂಸು, ನೆಲಕ್ಕಿಳುದ್ರೆ ಟಿಕೀಟು." ಇದನ್ನು ಹೆಂಗಸರು ಚೆನ್ನಾಗಿ ತಿಳಿದುಕೊಂಡಿದ್ದರು. ಬಸ್ಸಿಳಿದು ಟಾಕೀಸಿನ ತನಕ ಕುಣಿಯುತ್ತ ಬಂದ ಏಳೆಂಟು ವರ್ಷದ ಮಕ್ಕಳು ಓಣಿಯ ತಿರುವಿನಲ್ಲಿ ಪಟಕ್ಕನೆ ತಾಯಿಯ ಕಂಕುಳು ಹತ್ತುತ್ತಿದ್ದವು. ತಾಯಿ ಒಂದು ಕಡೆಗೆ ವಾಲಿಕೊಂಡು ಏದುಸಿರು ಬಿಡುತ್ತ ಬರುವಳು, ಕೂಸಿನ ಕಾಲು ನೆಲ ಗುಡಿಸುವುದು. ಹೊಸ್ತಿಲು ದಾಟಿದ ಮೇಲೆ ಧೊಪ್ಪನೆ ಇಳಿಸುವಳು. ಅವ್ವ ನೋಡಿಯೂ ನೋಡದ ಹಾಗೆ ಇರುತ್ತಿದ್ದಳು, ಕಾನೂನು ಕಾನೂನೇ ತಾನೆ. ಒಮ್ಮೆ ಒಬ್ಬಳು ಮೀಸೆ ಚಿಗುರಿದ ಮಗನನ್ನೇ ಹೊತ್ತು ತಂದಾಗ ಮಾತ್ರ, "ಇವನ್ನ ಇಳ್ಸಿ ಇವನ್ ಕಂಕುಳ್ಗೆ ನೀನತ್ತವ್ವ, ನಿಂಗೂ ಟಿಕೀಟ್ ಬ್ಯಾಡ" ಅಂದಿದ್ದಳು. ಓಣಿಯೆಲ್ಲ ನಕ್ಕಿತ್ತು.

ಅವ್ವ ಹೋಗಿ ಎಷ್ಟೋ ವರ್ಷವಾಯಿತು. ನಾನು ಮಂಡ್ಯದಲ್ಲಿ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡಿ ರಿಟೈರ್ ಆದೆ. ಟಾಕೀಸಿಗೆ ಬೀಗ ಬಿದ್ದದ್ದು, ಒಳಗೆ ಪಾರಿವಾಳ ಸೇರಿದ್ದು, ಎಲ್ಲ ಗೊತ್ತಿತ್ತು. ಆದರೂ ಮದ್ದೂರಿನ ಹಳೇ ಗೆಳತಿ ಫೋನ್ ಮಾಡಿ "ನಿಮ್ ಟಾಕೀಸ ಕೆಡವ್ತಾವ್ರೆ ಕಣೇ" ಅಂದಾಗ ಒಲೆಯ ಮೇಲಿನ ಹಾಲನ್ನು ಹಾಗೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ಓಡಿದೆ. ಗೇಟಿನ ಬಾಗಿಲು ನನಗೆ ಬೇಕು ಅನ್ನುವುದು ಬಸ್ಸಿನಲ್ಲಿ ಕೂತಾಗಲೇ ತೀರ್ಮಾನವಾಗಿತ್ತು. ಚಿಕ್ಕವಳಿದ್ದಾಗ ಅದರ ಮುಂದೆ ನಿಂತು ಅವ್ವ ಅಂತ ಕರೆಯಲಾಗಲಿಲ್ಲ. ಈಗಲಾದರೂ ನನ್ನ ಮನೆಯಲ್ಲಿ ಇಟ್ಟುಕೊಂಡು, ಇದು ನಮ್ಮವ್ವನ ಬಾಗಿಲು ಅಂತ ನಾಲ್ಕು ಜನಕ್ಕೆ ಹೇಳಬೇಕು ಅನ್ನಿಸಿತು.

ಹೋಗುವಷ್ಟರಲ್ಲಿ ಹೆಂಚು ಇಳಿದಿತ್ತು. ಊರವರು ಆಗಲೇ ಒಂದೊಂದು ತುಂಡು ಹಂಚಿಕೊಂಡಿದ್ದರು. ಟಿಕೆಟ್ ಕೊಡುವ ಕಿಂಡಿಯ ಕಬ್ಬಿಣದ ಜಾಲರಿ ಒಂದು ಹೋಟೆಲಿಗೆ ಹೋಯಿತಂತೆ. ಬಾಲ್ಕನಿಯ ನಾಲ್ಕು ಕುರ್ಚಿ ಗೆಜ್ಜಲಗೆರೆಯ ಒಂದು ಕಟಿಂಗ್ ಶಾಪಿಗೆ. ನಾಟಕದ ಅಟ್ಟದ ಹಲಗೆಗಳು ಯಾರದೋ ಕೊಟ್ಟಿಗೆಗೆ. ಒಬ್ಬೊಬ್ಬರೂ ತಮ್ಮ ತುಂಡಿನ ಜೊತೆ ಒಂದೊಂದು ಕತೆ ಕಟ್ಟಿಕೊಂಡು ನಿಂತಿದ್ದರು, ಟಾಕೀಸು ತಮ್ಮ ತಾತ ಕಟ್ಟಿಸಿದ್ದು ಅನ್ನುವ ಹಾಗೆ. ನನಗೆ ಒಬ್ಬೊಬ್ಬರನ್ನು ಕಂಡರೂ ಉರಿಯಿತು. ಇವರೆಲ್ಲ ದುಡ್ಡು ಕೊಟ್ಟು ಒಳಗೆ ಕೂತು ನೋಡಿದವರು. ಹೊರಗೆ ಕೂತವಳು ನಾನೊಬ್ಬಳೇ.

ಬಾಗಿಲು, ಕಿಟಕಿ, ತೊಲೆಗಳನ್ನೆಲ್ಲ ಹಳೇ ಮರದ ವ್ಯಾಪಾರದ ಭಾಯಿಯೊಬ್ಬರು ಕೊಂಡಿದ್ದರು. ಊರಾಚೆ ಅವರ ಮರದ ಅಂಗಳ. ಅಲ್ಲಿ ಹುಡುಕಿದೆ. ಹುಡುಕುವುದೇನು, ನೋಡಿದ ಕೂಡಲೇ ಗುರುತು ಸಿಕ್ಕಿತು. ಚೌಕಟ್ಟಿನ ಎಡಗಡೆ ಅವ್ವನ ಭುಜ ಒರಗುತ್ತಿದ್ದ ಕಡೆ ಹಸಿರು ಬಣ್ಣ ಸವೆದು ಮರ ನುಣ್ಣಗಾಗಿತ್ತು. ನನ್ನ ಭುಜವನ್ನು ಅಲ್ಲಿಟ್ಟು ನೋಡಿದೆ. ಅವ್ವ ನನಗಿಂತ ಎರಡು ಬೆರಳು ಕುಳ್ಳಿ.

ಅವತ್ತೇ ಒಂದು ಟೆಂಪೋ ಮಾಡಿ ಹೊರಡಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವತ್ತು ಆಷಾಢ. ಆಷಾಢದಲ್ಲಿ ಯಾರಾದರೂ ಹೊಸ್ತಿಲನ್ನು ಮನೆಗೆ ತರುತ್ತಾರೆಯೇ? ಅಷ್ಟೊಂದು ಪುಸ್ತಕಗಳ ನಡುವೆ ಬದುಕು ಕಳೆದವಳು ನಾನು, ಇಂಥದ್ದೆಲ್ಲ ನಂಬುವುದಿಲ್ಲ ಅಂತ ಸಹೋದ್ಯೋಗಿಗಳ ಹತ್ತಿರ ವಾದ ಮಾಡಿದವಳು. ಆದರೂ ನಾಲಿಗೆ ತಾನಾಗಿಯೇ ಹೇಳಿತು:

"ಭಾಯ್, ಆಷಾಢ ಕಳೀಲಿ. ಭೀಮನ ಅಮಾಸೆ ಮಾರ್ನೇ ದಿನಾನೇ ಬತ್ತೀನಿ. ಅಲ್ಲೀಗಂಟ ಯಾರ್ಗೂ ಕೊಡ್ಬ್ಯಾಡಿ. ಇದು ನಮ್ಮವ್ವನ ಬಾಗ್ಲು."

"ಆಯ್ತಕ್ಕ, ಬರ್ದಿಡ್ತೀನಿ" ಅಂದರು ಭಾಯಿ. ಅಲ್ಲಿನ ಪದ್ಧತಿ ಹಾಗೆ. ಯಾವ ಮರ ಯಾರಿಗೆ ಅಂತ ಚಾಕ್‌ಪೀಸಿನಲ್ಲಿ ಮರದ ಮೇಲೇ ಬರೆದಿಡುತ್ತಾರೆ. ಅವರು ನನ್ನ ಹೆಸರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕದದ ಮೇಲೆ ದಪ್ಪ ಅಕ್ಷರದಲ್ಲಿ "ಅವ್ವ" ಅಂತ ಬರೆದರು. ನನಗೆ ಅದೆಷ್ಟು ಸಂತೋಷವಾಯಿತೆಂದರೆ, ಅದರ ಫೋಟೋ ಹಿಡಿದುಕೊಂಡೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ನಮ್ಮ ಯಜಮಾನರು ಹಳೇ ಮರಕ್ಕೆ ಗೆದ್ದಲು ಬರುತ್ತದೆ ಅಂತ ಶುರುಮಾಡುತ್ತಾರೆ.

ಅಮಾವಾಸ್ಯೆ ಕಳೆದ ಮಾರನೇ ದಿನ ಹೋದೆ. ಬಾಗಿಲು ಇರಲಿಲ್ಲ.

"ನಿಮ್ಮನೆಯೋರೇ ಬಂದು ತಗಂಡೋದ್ರಲ್ಲಕ್ಕ" ಅಂದರು ಭಾಯಿ.

"ನಮ್ಮನೆಯೋರಾ? ಯಾರು?"

"ಮಳವಳ್ಳಿಯೋರು. ಗೇಟವ್ವನ ಬಾಗ್ಲು ಐತಾ ಅಂದ್ರು. ಅವ್ವ ಅಂತ ಬರ್ದಿತ್ತಲ್ಲ, ತೋರಿಸ್ದೆ. ಅದನ್ನ ನೋಡಿದ್ದೇ ತಡ, ಕದ ತಬ್ಕೊಂಡು ಅತ್ಬುಟ್ರು. ಮಗಳೇ ಇರ್ಬೇಕು ಅಂದ್ಕೊಂಡೆ. ನಿಮ್ ತಂಗಿ ಅಲ್ವಾ?"

ಯಾರು ಅಂತ ವಿಚಾರಿಸಿದರೆ, ಫೋನ್ ನಂಬರ್ ನೋಡಿದರೆ, ನನ್ನ ಓರಗಿತ್ತಿ. ನನ್ನ ಗಂಡನ ತಮ್ಮನ ಹೆಂಡತಿ. ಅವ್ವ ತೀರಿಕೊಂಡು ಎರಡು ವರ್ಷದ ಮೇಲೆ ನಮ್ಮ ಮನೆಗೆ ಸೊಸೆಯಾಗಿ ಬಂದವಳು. ಮದ್ದೂರಿನ ಹತ್ತಿರದ ಕೊಪ್ಪದ ಕಡೆಯವಳು. ಮದುವೆಯಾದ ಹೊಸದರಲ್ಲಿ ನಮ್ಮ ಗೋಡೆಯ ಮೇಲಿನ ಫೋಟೋ ನೋಡಿ, "ಅಯ್ಯೋ, ಇವ್ರು ಗೇಟವ್ವ ಅಲ್ವಾ ಅಕ್ಕ!" ಅಂದು ಕಣ್ಣಿಗೆ ಒತ್ತಿಕೊಂಡಿದ್ದಳು. ಸಿನಿಮಾ ನೋಡಿದ ಹೆಂಗಸರೆಲ್ಲ ಹಾಗೇ ಮಾಡುತ್ತಿದ್ದರು, ನಾನು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಈಗ ನೋಡಿದರೆ, ಆಷಾಢ ಅನ್ನುವ ಅಂಜಿಕೆಯಿಲ್ಲದೆ, ಟೆಂಪೋ ತಂದು, ಹೊಸ್ತಿಲ ಸಮೇತ ಎತ್ತಿಕೊಂಡು ಹೋಗಿದ್ದಾಳೆ. ನಾನು ಚಾಕ್‌ಪೀಸಿನಲ್ಲಿ ಬರೆಸಿ ಹೋದೆ, ಅವಳು ಅತ್ತು ತಗೊಂಡು ಹೋದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅವಳದು ತಪ್ಪು ಅಂತ ಹೇಳಲು ನನಗೆ ದಾರಿಯೇ ಇರಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ, ಅವಳಿಗೆ ಗೊತ್ತಿರಲಿಲ್ಲ. ತಪ್ಪಿದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ತಪ್ಪಿಲ್ಲದವರ ಮೇಲಿನ ಸಿಟ್ಟನ್ನು ಎಲ್ಲಿಡುವುದು? ಯಜಮಾನರಿಗೆ ಹೇಳಿದೆ. "ಒಂದ್ ಬಾಗ್ಲಿಗ್ ಇಷ್ಟಾ? ಫ್ಯಾಕ್ಟ್ರಿ ಸರ್ಕಲ್ ಅತ್ರ ಒಳ್ಳೊಳ್ಳೆ ಫೈಬರ್ ಬಾಗ್ಲು ಬಂದವೆ, ಕೊಡುಸ್ತೀನಿ ಬುಡು" ಅಂದರು. ಆ ದಿನ ಅವರಿಗೆ ಬರೀ ಮೊಸರನ್ನ ಹಾಕಿದೆ.

ಕಾರ್ತಿಕದಲ್ಲಿ ಅವರ ಗೃಹಪ್ರವೇಶ. ಹೋಗದೆ ಇರುವ ಹಾಗಿಲ್ಲ, ಹಿರಿಯ ಸೊಸೆ. ರೇಷ್ಮೆ ಸೀರೆ ಉಟ್ಟು, ಮುಖಕ್ಕೆ ನಗು ಹಚ್ಚಿಕೊಂಡು ಹೋದೆ. ಬಾಗಿಲನ್ನು ದೇವರಕೋಣೆಗೆ ಹಾಕಿಸಿದ್ದಳು. ಎಣ್ಣೆ ಹೊಡೆಸಿ, ಅರಿಶಿನ ಕುಂಕುಮ ಹಚ್ಚಿ, ಮಾವಿನ ತೋರಣ ಕಟ್ಟಿದ್ದಳು. ಚೆಂದ ಕಾಣುತ್ತಿತ್ತು. ನನ್ನ ಮನೆಯಲ್ಲಾಗಿದ್ದರೆ ಬಾಲ್ಕನಿಯ ಗೋಡೆಗೆ ಒರಗಿಸಿಡುತ್ತಿದ್ದೆನೇನೋ, ಇಡಲು ಜಾಗವಿರಲಿಲ್ಲ. ಇದು ಹೊಳೆದಾಗ ಹೊಟ್ಟೆಯ ಉರಿ ಇನ್ನೂ ಒಂದು ಹಿಡಿ ಹೆಚ್ಚಾಯಿತು. ಹಸಿರು ಬಣ್ಣವನ್ನು ಪೂರ್ತಿ ಕೆರೆಸಿದ್ದಳು. ಅವ್ವನ ಭುಜದ ಗುರುತು ಈಗ ಹುಡುಕಿದರೂ ಸಿಗುತ್ತಿರಲಿಲ್ಲ. ಅವಳಿಗೆ ಅದು ಗೊತ್ತಿಲ್ಲ ಅಂತ ಒಂದು ಕ್ಷಣ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಊಟದ ಹೊತ್ತಿಗೆ ಯೂಟ್ಯೂಬ್ ಚಾನೆಲಿನವಳೊಬ್ಬಳು ಮೊಬೈಲು ಹಿಡಿದು ಬಂದಳು. ಕೆಡವಿದ ಟಾಕೀಸಿನ ಸಾಮಾನು ಯಾರ್ಯಾರ ಮನೆಯಲ್ಲಿದೆ ಅಂತ ವಿಡಿಯೋ ಮಾಡುತ್ತಿದ್ದಳಂತೆ. ನನ್ನ ಓರಗಿತ್ತಿ ಬಾಗಿಲ ಪಕ್ಕ ನಿಂತು ಮಾತಾಡಿದಳು. ಬಂದವರೆಲ್ಲ ಎಲೆ ಬಿಟ್ಟು ಸುತ್ತ ನಿಂತರು. ಗೇಟವ್ವನ ಸ್ವಂತ ಮಗಳು ಪಲ್ಯದ ಮುಂದೆ ಕೂತಿದ್ದಾಳೆ ಅಂತ ಒಬ್ಬರಿಗೂ ನೆನಪಾಗಲಿಲ್ಲ. ನಾನೂ ಎದ್ದು ಹೋದೆ.

"ಓಣೀಲಿ ಬಂದ್ರೆ ಎಡಗಡೆ ಈ ಗೇಟು" ಅನ್ನುತ್ತಿದ್ದಳು.

"ಬಲಗಡೆ" ಅಂದೆ ನಾನು. ಎಲ್ಲರೂ ತಿರುಗಿ ನೋಡಿದರು.

"ಊ ಕಣಕ್ಕ, ಬಲಗಡೆ" ಅಂದು ನಕ್ಕು, ಮುಂದುವರಿಸಿದಳು. ತನ್ನ ತಾಯಿ ಹೆರಿಗೆಯಲ್ಲೇ ಹೋದದ್ದು, ತಾನು ಬೆಳೆದದ್ದು ಅಜ್ಜಿಯ ಜೊತೆ. ಅಜ್ಜಿಗೆ ಸಿನಿಮಾ ಹುಚ್ಚು, ಆದರೆ ಅಜ್ಜಿಯ ಬೆನ್ನು ಬಾಗಿತ್ತು. ಬೇರೆ ಮಕ್ಕಳೆಲ್ಲ ಓಣಿಯ ತಿರುವಿನಲ್ಲಿ ತಾಯಿಯ ಕಂಕುಳು ಹತ್ತಿದರೆ, ಇವಳು ಅಜ್ಜಿಯ ಸೆರಗು ಹಿಡಿದುಕೊಂಡು ನಡೆದು ಬರುತ್ತಿದ್ದಳು. ಅರ್ಧ ಟಿಕೆಟಿಗೆ ಅಜ್ಜಿಯ ಹತ್ತಿರ ಕಾಸು ಇರುತ್ತಿರಲಿಲ್ಲ.

"ಮೊದಲನೇ ದಿನ ಗೇಟವ್ವ ನಮ್ಮಜ್ಜಿನ ನೋಡಿದ್ರು, ನನ್ನ ನೋಡಿದ್ರು. ಆಮೇಕೆ ಬಗ್ಗಿ ತಾವೇ ನನ್ನ ಕಂಕುಳ್ಗೆ ಎತ್ಕೊಂಡ್ರು. ಒಸ್ಲು ದಾಟ್ಸಿ ಒಳುಗ್ ಇಳ್ಸಿದ್ರು. ಕಂಕುಳಲ್ಲಿದ್ರೆ ಕೂಸು, ಟಿಕೀಟ್ ಬ್ಯಾಡ ಅಂದ್ರು. ನಾವ್ ಯಾವಾಗ್ ಓದ್ರೂ ಅಂಗೇಯ. ನಾನು ದೊಡ್ಡೋಳಾಗಿ ನಾಚ್ಕೆ ಪಟ್ಕೊಳೋಗಂಟ."

ಸುತ್ತ ನಿಂತಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಕಣ್ಣೀರು ಬರಲಿಲ್ಲ. ಓಣಿಯ ಎದುರು ಕೂತ ನಾನು ಎಷ್ಟೋ ಮಕ್ಕಳು ಕಂಕುಳಲ್ಲಿ ಒಳಗೆ ಹೋಗುವುದನ್ನು ನೋಡಿದ್ದೆ. ಯಾರ ಕಂಕುಳು ಅಂತ ಗಮನಿಸಿರಲಿಲ್ಲ, ಆ ನೂಕುನುಗ್ಗಲಿನಲ್ಲಿ ಕಾಣುತ್ತಲೂ ಇರಲಿಲ್ಲ. ಹಾಗಾದರೆ ಅವ್ವನಿಗೆ ದಾರಿ ಗೊತ್ತಿತ್ತು. ಕಾನೂನು ಮುರಿಯದೆ ಮಗುವನ್ನು ಒಳಗೆ ಬಿಡುವ ದಾರಿ ಗೊತ್ತಿತ್ತು. ಬಗ್ಗಿ ಎತ್ತಿಕೊಂಡು ಒಂದು ಹೆಜ್ಜೆ ಇಟ್ಟರೆ ಆಯಿತು. ಎದುರಿಗೇ ಕೂತಿದ್ದ ನನಗಾಗಿ ಆ ಒಂದು ಹೆಜ್ಜೆ ಇಡಲಿಲ್ಲ. ಅರವತ್ತು ದಾಟಿದ ಹೆಂಗಸು ನಾನು, ಮೊಮ್ಮಗಳಿದ್ದಾಳೆ. ಆದರೂ ಅಲ್ಲಿ, ತೋರಣದ ಕೆಳಗೆ ನಿಂತು, ಐದು ವರ್ಷದ ಒಂದು ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಅಷ್ಟು ಹೊಟ್ಟೆಕಿಚ್ಚನ್ನು ನಾನು ಯಾರ ಒಡವೆಯ ಮೇಲೂ ಪಟ್ಟವಳಲ್ಲ.

ನೆಂಟರೆಲ್ಲ ಹೋದ ಮೇಲೆ, ಸಂಜೆಗೆ ಮುಂಚೆ, ಅವಳು ಹಿತ್ತಿಲಲ್ಲಿ ಪಾತ್ರೆ ಎಣಿಸಿ ಇಡುತ್ತಿದ್ದಳು. ನಾನು ಹೋಗಿ ನಿಂತೆ. ಇನ್ನು ತಡೆಯಲಾಗಲಿಲ್ಲ.

"ಆ ಕದದ ಮೇಲೆ ಅವ್ವ ಅಂತ ಬರ್ಸಿದ್ದು ನಾನು" ಅಂದೆ. "ನಮ್ಮವ್ವನ ಬಾಗ್ಲು ಅದು. ಆಷಾಢ ಕಳೀಲಿ ಅಂತ ಬುಟ್ಟು ಬಂದಿದ್ದೆ."

ಮೊಬೈಲಿನಲ್ಲಿದ್ದ ಫೋಟೋ ತೋರಿಸಿದೆ. ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ತುಂಬ ಹೊತ್ತು ನೋಡಿದಳು. ಮುಖ ಬಿಳುಚಿಕೊಂಡಿತು.

"ನಂಗೊತ್ತಿರ್ಲಿಲ್ಲ ಕಣಕ್ಕ, ದೇವ್ರಾಣೆ. ಊರೋರು ಗೇಟವ್ವನ್ ನೆನಪಿಗೆ ಬರ್ದವ್ರೆ ಅನ್ಕೊಂಡೆ. ನೀವೇ ತಗಂಡೋಗಿ. ನಾಳೇನೆ ಆಚಾರ್ರ ಕರ್ಸಿ ಬಿಚ್ಚಿಸ್ತೀನಿ."

ಕೊಡುವುದಿಲ್ಲ ಅಂದಿದ್ದರೆ ನಾನು ಬಿಡುತ್ತಿರಲಿಲ್ಲ. ಇಷ್ಟು ಸುಲಭಕ್ಕೆ ಕೊಟ್ಟುಬಿಟ್ಟಳಲ್ಲ, ಅದು ಇನ್ನೂ ಸಹಿಸಲಾಗಲಿಲ್ಲ. ಇವತ್ತು ಪೂಜೆಯಾದ ದೇವರಕೋಣೆಯ ಬಾಗಿಲನ್ನು ನಾಳೆಯೇ ಕೀಳಿಸಿದವಳು ಅನ್ನುವ ಹೆಸರು ನನಗೆ ಬೇಡ ಅಂದೆ. ಇರಲಿ, ಇಲ್ಲೇ ಇರಲಿ, ಎಲ್ಲಿದ್ದರೇನು ಅಂತ ದೊಡ್ಡ ಮನಸ್ಸು ಮಾಡಿದವಳ ಹಾಗೆ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ನಿಮ್ಗೆ ಮನೆ ತುಂಬ ಅವ್ವ ಇದ್ರು ಅಕ್ಕ. ನಂಗೆ ಆ ಒಸ್ಲಿನಗಲ ಇದ್ರು, ಅಷ್ಟೇಯ."

ಮನೆ ತುಂಬ ಎಲ್ಲಿದ್ದಳು ಅವ್ವ? ಮ್ಯಾಟಿನಿಗೆ ಹೋದವಳು ರಾತ್ರಿ ಬರುತ್ತಿದ್ದಳು, ಕಾಲು ಚಾಚಿ ಮಲಗುತ್ತಿದ್ದಳು. ಇದನ್ನು ಬಾಯಿಬಿಟ್ಟು ಹೇಳಿ ಅವಳ ಎದುರು ನಾನೂ ಬಡವಿಯಾಗುವುದು ಬೇಡವಾಗಿತ್ತು.

ಅವಳು ಕೈ ಬಿಡಲಿಲ್ಲ. ತಲೆ ತಗ್ಗಿಸಿ ಕೇಳಿದಳು:

"ಅಕ್ಕ, ಒಂದ್ ಮಾತ್ ಕೇಳ್ಲಾ? ಮದುವೆಯಾಗಿ ಬಂದಾಗ್ನಿಂದ ಕೇಳ್ಬೇಕು ಅನ್ಕೊಂಡಿವ್ನಿ. ಅವ್ವ ಮನೇಲಿ ಯಾವತ್ತಾದ್ರು ನನ್ ಸುದ್ದಿ ಎತ್ತಿದ್ರಾ? ಕೊಪ್ಪದಿಂದ ಒಂದು ಕೂಸು ಬತ್ತದೆ ಅಂತ?"

ಸಾಯುವ ಮುಂಚೆ ಅವ್ವ ಒಂದು ವಾರ ಜ್ವರದಲ್ಲಿ ಮಲಗಿದ್ದಳು. ನಾನು ರಜೆ ಹಾಕಿ ಪಕ್ಕದಲ್ಲೇ ಕೂತಿದ್ದೆ. ಗಂಜಿ ಕುಡಿಸಿದೆ, ಮೈ ಒರೆಸಿದೆ. ಕೊನೆಕೊನೆಗೆ ಅವಳಿಗೆ ಜ್ಞಾನ ತಪ್ಪಿ ತಪ್ಪಿ ಬರುತ್ತಿತ್ತು. ಕಣ್ಣು ಬಿಟ್ಟಾಗಲೆಲ್ಲ ಒಂದೇ ಮಾತು: "ಕೊಪ್ಪದ ಕೂಸು ಬಂತಾ?" ನಾನು ಬಂದಿದ್ದೀನಿ ಕಣವ್ವ, ಇಲ್ಲೇ ಇದ್ದೀನಿ ಅಂದೆ. "ನೀನಲ್ಲ" ಅಂದಳು. "ಆ ತಾಯಿಲ್ದ ಕೂಸು. ತಡೀರಿ, ಗೇಟ್ ಆಕ್ಬ್ಯಾಡಿ" ಅಂದು ಎಡಗೈಯನ್ನು ಹಾಸಿಗೆಯಾಚೆ ಚಾಚಿದಳು. ನಾನು ನನ್ನ ಕೈ ಕೊಟ್ಟರೆ ಹಿಡಿಯಲಿಲ್ಲ. ಅವತ್ತು ಆ ಕೂಸು ಯಾವುದು ಅಂತ ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಅವಳು ತೋರಣದ ಕೆಳಗೆ ನಿಂತು ಹೇಳಿದಾಗ ಗೊತ್ತಾಯಿತು.

"ಇಲ್ಲ ಕಣಮ್ಮ" ಅಂದೆ. "ಯಾವತ್ತೂ ಎತ್ಲಿಲ್ಲ."

ಅವಳು ನನ್ನ ಕೈಯನ್ನು ಮೆಲ್ಲಗೆ ಬಿಟ್ಟಳು.

"ಓಗ್ಲಿ ಬುಡಿ ಅಕ್ಕ" ಅಂದಳು. "ಅಷ್ಟೊಂದ್ ಮಕ್ಕಳಲ್ಲಿ ನನ್ನೊಬ್ಳ ಎಲ್ಲಿ ಗ್ಯಾನ ಮಡಿಕ್ಕೊಂಡಾರು."

ಮತ್ತೆ ಪಾತ್ರೆ ಎಣಿಸತೊಡಗಿದಳು. ಗೇಟವ್ವನ ಮಗಳೇ ಹೇಳಿದ ಮೇಲೆ ಅವಳು ನಂಬದೆ ಏನು ಮಾಡಿಯಾಳು.